ಎಳ್ಳಿನ ಹೊಲದ ಉಪವಾಸದ ಪಟ್ಟೆ

ಮೈಸೂರಿನಿಂದ ನಾವು ಹೊರಟಿದ್ದು ಜೂನ್ ಕೊನೆಯ ಒಂದು ಮೋಡದ ಬೆಳಿಗ್ಗೆ. ನನ್ನ ಅಕ್ಕನ ಮಗಳು ವಿನುತ ಕೃಷಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವನು. ಅವಳ ಜೊತೆ ಹೋಗಬೇಕಾಗಿದ್ದ ಸಹಪಾಠಿಗೆ ಜ್ವರ ಬಂದು, "ಮಾಮ, ಚೀಲ ಹಿಡ್ಕೊಳ್ಳೋಕೆ ಒಬ್ರು ಬೇಕು. ಎಳ್ಳಿನ ವಿಷಯ ಏನೂ ಗೊತ್ತಿಲ್ಲದವರಾದ್ರೆ ಇನ್ನೂ ಒಳ್ಳೇದು, ಅಡ್ಡಬಾಯಿ ಹಾಕಲ್ಲ" ಎಂದು ನನ್ನನ್ನು ಕರೆದಿದ್ದಳು. ನನಗೆ ಎರಡೂ ಅರ್ಹತೆ ಇದ್ದವು.

ಬಸ್ಸಿನಲ್ಲಿ ಕಂಡಕ್ಟರು ವಿನುತಳ ಆಧಾರ್ ಕಾರ್ಡು ನೋಡಿ ಅವಳಿಗೆ ಉಚಿತ ಟಿಕೆಟ್ ಹರಿದುಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಮಾತ್ರ ದುಡ್ ಕೊಟ್ಟೇ ಓಗ್ಬೇಕು ಸಾ, ಏನ್ ಮಾಡದು" ಎಂದು ಸಂತಾಪ ಸೂಚಿಸಿದರು. ಶ್ರೀರಂಗಪಟ್ಟಣ ಬರುವಷ್ಟರಲ್ಲಿ ವಿನುತ ತನ್ನ ಕೆಲಸವನ್ನು ನನಗೆ ಅರ್ಥವಾಗುವ ಹಾಗೆ ಹೇಳಿ ಮುಗಿಸಿದಳು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ಒಬ್ಬೊಬ್ಬ ರೈತರ ಹೊಲವನ್ನು ಅವಳು ಕೇಳಿ ಪಡೆದಿದ್ದಳು. ಪ್ರತಿ ಹೊಲದಲ್ಲೂ ಮುಂಗಾರಿಗೆ ಮೊದಲಿನ ಮಳೆಗೆ ಎಳ್ಳು ಬಿತ್ತಿಸಿದ್ದಳು, ನಾಲ್ಕು ಪಟ್ಟೆಗಳಾಗಿ. ಮೊದಲ ಪಟ್ಟೆಗೆ ಯೂರಿಯಾವನ್ನೆಲ್ಲ ಬಿತ್ತುವಾಗಲೇ ಕೊಟ್ಟಿದ್ದು. ಎರಡನೆಯದಕ್ಕೆ ಅಷ್ಟನ್ನೇ ಎರಡು ಸಲ ಹಂಚಿ, ಮೂರನೆಯದಕ್ಕೆ ಸ್ವಲ್ಪ ಕಡಿಮೆ ಮಾಡಿ ಎರಡು ಸಲ ಹಂಚಿ. ನಾಲ್ಕನೆಯ ಪಟ್ಟೆಗೆ ಏನೂ ಇಲ್ಲ. ಯೂರಿಯಾದಲ್ಲಿರುವ ಸಾರಜನಕದಲ್ಲಿ ಒಂದು ಪಾಲು ಗಾಳಿಗೆ ಹೋಗುತ್ತದೆ, ಒಂದು ಪಾಲು ನೀರಿನ ಜೊತೆ ಬೇರಿಗೆ ಸಿಗದಷ್ಟು ಕೆಳಕ್ಕೆ ಇಳಿಯುತ್ತದೆ. ಉಳಿದದ್ದು ಗಿಡಕ್ಕೆ, ಅದರಲ್ಲೂ ಎಷ್ಟೋ ಎಲೆಯಲ್ಲೇ ನಿಂತುಬಿಡುತ್ತದೆ. ಕಾಳಿಗೆ ತಲುಪುವುದು ಎಷ್ಟು, ಅದನ್ನು ಹೆಚ್ಚಿಸುವುದು ಹೇಗೆ ಎನ್ನುವುದು ಅವಳ ಪ್ರಶ್ನೆ.

"ಏನೂ ಕೊಡದ ಪಟ್ಟೆ ಯಾಕೆ?" ಎಂದು ಕೇಳಿದೆ.

"ಮಣ್ಣೇ ಸ್ವಲ್ಪ ಕೊಡುತ್ತಲ್ಲ ಮಾಮ. ಅದೆಷ್ಟು ಅಂತ ಈ ಪಟ್ಟೆ ಹೇಳುತ್ತೆ. ಅದನ್ನ ಕಳೆದರೆ ಮಾತ್ರ ಯೂರಿಯಾ ಏನು ಮಾಡಿತು ಅಂತ ಗೊತ್ತಾಗೋದು. ಇದು ಕೆಟ್ಟರೆ ಉಳಿದ ಮೂರಕ್ಕೂ ಲೆಕ್ಕ ಇಲ್ಲ."

ಆಮೇಲೆ ಫೋನು ತೆಗೆದು ಒಂದು ಚಿತ್ರ ತೋರಿಸಿದಳು. ನಾಗಮಂಗಲದ ಹೊಲದ ನಿಂಗೇಗೌಡರು ಹಿಂದಿನ ವಾರ ಕಳಿಸಿದ್ದು. ನಾಲ್ಕು ಪಟ್ಟೆಗಳಲ್ಲಿ ಏನೂ ಕೊಡದ ಪಟ್ಟೆಯೇ ಎಲ್ಲಕ್ಕಿಂತ ಎತ್ತರ, ಎಲ್ಲಕ್ಕಿಂತ ಹಸಿರು. ಅವಳ ಮಾರ್ಗದರ್ಶಕರು ಇದನ್ನು ನೋಡಿ ಹಿಗ್ಗಿದ್ದರಂತೆ. ಒಣಭೂಮಿಯ ಎಳ್ಳಿಗೆ ಯೂರಿಯಾವೇ ಬೇಡ ಎಂದು ಮುಂದಿನ ಸಭೆಯಲ್ಲಿ ಹೇಳೋಣ ಎಂದಿದ್ದರಂತೆ.

"ನಿಜವಾದ್ರೆ ನನ್ನ ಪ್ರಬಂಧಕ್ಕೆ ಇದೊಂದೇ ಸಾಕು," ಎಂದಳು ವಿನುತ. "ಎಲ್ಲೋ ಏನೋ ತಪ್ಪಿದ್ರೆ ನಾಗಮಂಗಲ ಪೂರ್ತಿ ಕೈಬಿಡಬೇಕು. ಮೂರು ಹೊಲ ಸಾಲಲ್ಲ, ಇನ್ನೊಂದು ಬೆಳೆ ಬಿತ್ತಬೇಕು. ನನ್ನ ಫೆಲೋಶಿಪ್ಪು ವರ್ಷದ ಕೊನೆಗೆ ಮುಗಿಯುತ್ತೆ."

"ನಿನಗೇನನ್ನಿಸುತ್ತೆ?"

"ಅನ್ನಿಸೋದನ್ನ ನಂಬಬಾರದು ಅಂತಲೇ ಹೋಗ್ತಿರೋದು."

ಶ್ರೀರಂಗಪಟ್ಟಣದಲ್ಲಿ ಇಳಿದು ಇಡ್ಲಿ ತಿಂದೆವು. ಕೋಟೆ ನೋಡಲು ಬಂದ ಶಾಲೆಯ ಮಕ್ಕಳ ಸಾಲಿನ ನಡುವೆ ದಾರಿ ಮಾಡಿಕೊಂಡು ಆಟೋ ಹಿಡಿದೆವು. ಜವರೇಗೌಡರ ಹೊಲ ನಾಲೆಯ ಪಕ್ಕದಲ್ಲೇ ಇತ್ತು. ನಾಲೆಗೆ ನೀರು ಬಿಡುವವರೆಗೆ ಖಾಲಿ ಬೀಳುವ ಗದ್ದೆಯಲ್ಲಿ ಒಂದು ಎಳ್ಳು ತೆಗೆದು ಆಮೇಲೆ ಭತ್ತ ನಾಟಿ ಮಾಡುವುದು ಅವರ ಕ್ರಮ. ಬಿಳಿಗೆ ನಸು ನೇರಳೆ ಸೋಕಿದ ಹೂವು ಬಿಟ್ಟಿತ್ತು. ಮೂರು ಪಟ್ಟೆ ದಟ್ಟವಾಗಿತ್ತು. ನಾಲ್ಕನೆಯದು ಕುಳ್ಳಗೆ, ಹಳದಿಗೆ, ಕಾಯಿಲೆಯಿಂದ ಎದ್ದವರ ಹಾಗೆ ನಿಂತಿತ್ತು.

"ಬಂದ್ಯಾ ತಾಯಿ? ನೋಡು ನಿನ್ ಉಪಾಸದ ಪಟ್ಟೇನ," ಎಂದರು ಜವರೇಗೌಡರು. ಅರವತ್ತು ದಾಟಿದವರು, ತಲೆಗೆ ಟವೆಲು. "ಇದರ ದೆಸೆಯಿಂದ ನನ್ ಮಾನ ನಾಲೇಲಿ ಕೊಚ್ಕಂಡ್ ಓಯ್ತು."

"ಯಾಕೆ ಗೌಡ್ರೇ?"

"ಯಾಕೆ ಅಂತೀಯಲ್ಲ. ಓಗೋರ್ ಬರೋರೆಲ್ಲ ನಿಂತ್ಕಂಡು, ಏನ್ಲಾ ಜವರಾ, ಸೊಸೈಟೀಲಿ ಯೂರಿಯಾ ಸಿಗ್ನಿಲ್ವಾ, ಇಲ್ಲಾ ಎಂಡ್ರು ಕಾಸ್ ಕೊಡ್ನಿಲ್ವಾ ಅಂತ ಕೇಳ್ತಾವ್ರೆ."

"ನೀವೇನಂದ್ರಿ?"

"ಅದು ನಮ್ ಬಾಮೈದನ್ ಪಾಲು, ಅವ್ನು ಸೋಂಬೇರಿ ಅಂತ ಏಳ್ಬುಟ್ಟೆ. ಈಗ ಅವನ್ಗೂ ಗೊತ್ತಾಗಿ ಮಾತಾಡ್ಸದ್ನೇ ಬುಟ್ಟವ್ನೆ."

ವಿನುತ ಕೆಲಸಕ್ಕೆ ಇಳಿದಳು. ಹಸಿರಿನ ಬೇರೆ ಬೇರೆ ಛಾಯೆಗಳಿರುವ ಒಂದು ಪ್ಲಾಸ್ಟಿಕ್ ಅಳತೆಪಟ್ಟಿ ಅವಳ ಹತ್ತಿರ ಇರುತ್ತದೆ. ಎಲೆಯನ್ನು ಅದರ ಮೇಲಿಟ್ಟು ಯಾವ ಛಾಯೆಗೆ ಹೊಂದುತ್ತದೆ ಎಂದು ನೋಡಬೇಕು. ಬಿಸಿಲು ಬಿದ್ದರೆ ಕಣ್ಣು ಮೋಸ ಹೋಗುವುದರಿಂದ ಬೆನ್ನು ಕೊಟ್ಟು ನೆರಳು ಮಾಡಬೇಕು. ಆ ನೆರಳಿನ ಕೆಲಸ ನನ್ನ ಪಾಲಿಗೆ ಬಂತು. ಯೂರಿಯಾವನ್ನೆಲ್ಲ ಒಮ್ಮೆಗೇ ತಿಂದ ಮೊದಲ ಪಟ್ಟೆ ಕಡುಹಸಿರಾಗಿತ್ತು, ಎಲೆ ಅಗಲ, ಕಾಯಿ ವಿರಳ. ಅಲ್ಲೊಂದು ಇಲ್ಲೊಂದು ಗಿಡ ಗಾಳಿಗೆ ಒರಗಿತ್ತು. ಎರಡು ಸಲ ಹಂಚಿ ಕೊಟ್ಟದ್ದರಲ್ಲಿ ಹಸಿರು ಕಡಿಮೆ, ಕಾಯಿ ಹೆಚ್ಚು.

"ನೋಡಿ ಗೌಡ್ರೇ, ಇಲ್ಲೆಲ್ಲ ಎಲೇಲೇ ನಿಂತಿದೆ," ಎಂದಳು.

"ಗೊತ್ತು ಕಣವ್ವಾ. ಆದ್ರೆ ಬೆಳಗ್ಗೆ ಎದ್ದು ಬಂದಾಗ ಎಲೆ ಕಪ್ಪಗಿದ್ರೆ ಮನ್ಸಿಗೆ ಒಂದ್ ಸಮಾಧಾನ. ಕಾಯಿ ಎಣಿಸ್ಕಂಡ್ ಯಾರ್ ಕುಂತಿರ್ತಾರೆ."

ಮಧ್ಯಾಹ್ನದ ಹೊತ್ತಿಗೆ ಪಾಂಡವಪುರ ತಲುಪಿದೆವು. ಕಬ್ಬಿನ ಗದ್ದೆಗಳ ನಡುವೆ, ಚಿನಕುರಳಿಯ ದಾರಿಯಲ್ಲಿ ಎರಡನೆಯ ಹೊಲ. ಯಜಮಾನರು ಮಗಳ ಮನೆಗೆ ಹೋಗಿದ್ದರಿಂದ ನಾವೇ ಅಳೆದೆವು. ಅಲ್ಲಿಯೂ ಉಪವಾಸದ ಪಟ್ಟೆ ಹಳದಿಯೇ, ಶ್ರೀರಂಗಪಟ್ಟಣದ್ದಕ್ಕಿಂತ ಒಂದು ಛಾಯೆ ಪೇಲವ. ನಾನು ಸಂತೋಷದಿಂದ, "ಸರಿಯಾಗಿದೆಯಲ್ಲ?" ಎಂದೆ. "ಸರಿಯಾಗಿದೆ," ಎಂದಳು ವಿನುತ, ಸಂತೋಷವಿಲ್ಲದೆ. ಎರಡು ಹೊಲಗಳು ಹೀಗೆ ಸರಿಯಾಗಿದ್ದಷ್ಟೂ ಮುಂದಿನ ನಾಗಮಂಗಲದ ಮೇಲೆ ಅವಳಿಗೆ ಅನುಮಾನ ಬಲಿಯುತ್ತಿದೆ ಎನ್ನುವುದು ನನಗೆ ತಡವಾಗಿ ಹೊಳೆಯಿತು.

ಸಂಜೆ ಕೆ.ಆರ್. ಪೇಟೆಯ ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಎರಡು ಕೋಣೆ ಹಿಡಿದೆವು. ಊಟಕ್ಕೆ ಮೊದಲು ನಾನು ಎಂದಿನಂತೆ ದಿನಚರಿ ಬರೆದೆ. ಜವರೇಗೌಡರ ಮೊದಲ ಪಟ್ಟೆ ಎದೆಮಟ್ಟ ಇತ್ತು ಎಂದು ಬರೆದದ್ದನ್ನು ಓದಿ ವಿನುತ ನಕ್ಕಳು. ಅವಳ ಅಳತೆಯ ಪ್ರಕಾರ ಅದು ನನ್ನ ಸೊಂಟದ ಬೆಲ್ಟಿಗಿಂತ ಸ್ವಲ್ಪ ಮೇಲೆ ಅಷ್ಟೆ. ಬೆಳಿಗ್ಗೆ ಕಂಡದ್ದು ಸಂಜೆಯ ಹೊತ್ತಿಗೆ ಒಂದು ಗೇಣು ಬೆಳೆದಿತ್ತು. ನೆನಪನ್ನು ನಂಬದೆ ಅವತ್ತಿನದನ್ನು ಅವತ್ತೇ ಬರೆಯುವವನು ನಾನು. ಅವತ್ತೇ ಬರೆದದ್ದೂ ಹೀಗಾದರೆ ಏನು ಮಾಡುವುದೆಂದು ತಿಳಿಯಲಿಲ್ಲ. ಹೊಡೆದುಹಾಕಿ 'ಸೊಂಟಮಟ್ಟ' ಎಂದು ತಿದ್ದಿದೆ.

ಮರುದಿನ ಬೆಳಿಗ್ಗೆ ಕಿಕ್ಕೇರಿಯ ಬಸ್ಸು ಹತ್ತಿದೆವು. ಸಣ್ಣ ಸೋನೆ ಇತ್ತು. ಅಲ್ಲಿಯ ಹೊಲ ಶ್ರೀಕಂಠ ಮೇಷ್ಟ್ರದ್ದು. ದೇವಸ್ಥಾನದ ಮನೆತನ, ಬೆಳಗಿನ ಪೂಜೆ ಮುಗಿಸಿ ಪ್ರೌಢಶಾಲೆಗೆ ಹೋಗುತ್ತಾರೆ, ನಡುವೆ ಹೊಲಕ್ಕೆ ಒಂದು ಸುತ್ತು. ನಮ್ಮನ್ನು ನೇರ ಉಪವಾಸದ ಪಟ್ಟೆಯ ಮುಂದೆ ನಿಲ್ಲಿಸಿದರು. ಅಲ್ಲೊಂದು ತಗಡಿನ ಹಲಗೆ ನೆಟ್ಟಿತ್ತು: 'ಇದು ಸಂಶೋಧನೆಯ ತಾಕು. ಮಾಲೀಕರ ಅಸಡ್ಡೆಯಲ್ಲ.'

"ಹಲಗೆ ಹಾಕೋ ಮೊದಲು ಜನ ಬಯ್ಯೋರು," ಎಂದರು ಮೇಷ್ಟ್ರು. "ಈಗ ನಿಂತು ಓದಿ ನಗ್ತಾರೆ. ನಮ್ಮೂರಲ್ಲಿ ಇಷ್ಟು ಜನಕ್ಕೆ ಓದೋಕೆ ಬರುತ್ತೆ ಅಂತ ನನಗೂ ಗೊತ್ತಿರಲಿಲ್ಲ."

"ಕಷ್ಟ ಆಯ್ತಾ ಸರ್?" ಎಂದಳು ವಿನುತ.

"ನನಗೇನಿಲ್ಲಮ್ಮ. ಮನೆಯವಳು ಮಾತ್ರ ಈ ಬದಿಯಿಂದ ಬರೋದನ್ನೇ ಬಿಟ್ಟಿದ್ದಾಳೆ. ಹೂವು ಕೀಳೋಕೂ ಆ ಕಡೆಯಿಂದ ಸುತ್ತಿಕೊಂಡು ಹೋಗ್ತಾಳೆ."

ಅವರ ಮನೆಯಲ್ಲಿ ಕೊಟ್ಟ ಅವಲಕ್ಕಿ ತಿಂದು, ಕೆ.ಆರ್. ಪೇಟೆಗೆ ಮರಳಿ, ನಾಗಮಂಗಲದ ಬಸ್ಸು ಹಿಡಿದೆವು. ತೆಂಗು ತೆಳುವಾಗುತ್ತ ಕೆಂಪು ಮಣ್ಣು ಹೆಚ್ಚಾಯಿತು. ಬೋಳು ಗುಡ್ಡ, ರಾಗಿಗೆ ಉತ್ತು ಬಿಟ್ಟ ಹೊಲ, ಬೇಲಿಯ ಮೇಲೆ ನವಿಲು. ನಾಗಮಂಗಲದಲ್ಲಿ ಊಟ ಮುಗಿಸಿ ಬೆಳ್ಳೂರಿನ ದಾರಿಯಲ್ಲಿ ಇಳಿದಾಗ ಪಡುವಣ ಗಾಳಿ ಎಷ್ಟು ಜೋರಾಗಿತ್ತೆಂದರೆ ವಿನುತ ಎಲೆಯ ಮಾದರಿ ತುಂಬುವ ಕಾಗದದ ಚೀಲಗಳನ್ನು ಎದೆಗೆ ಒತ್ತಿ ಹಿಡಿಯಬೇಕಾಯಿತು. ಹೊಲ ರಸ್ತೆಗೇ ಕಾಣುತ್ತದೆ. ನಿಂಗೇಗೌಡರು ಬದುವಿನ ಮೇಲೆ ಕಾಯುತ್ತಿದ್ದರು.

"ನಿಮ್ ಯೂರಿಯಾ ಸೋತೋಯ್ತು ಕಣವ್ವಾ," ಎಂದರು ನಗುತ್ತ. "ಬಾ ನೋಡು."

ಚಿತ್ರ ಸುಳ್ಳು ಹೇಳಿರಲಿಲ್ಲ. ಏನೂ ಕೊಡದ ಪಟ್ಟೆ ಉಳಿದ ಮೂರಕ್ಕಿಂತ ಒಂದು ಗೇಣು ಎತ್ತರವಿತ್ತು. ಈ ಗೇಣನ್ನು ನಾನಲ್ಲ, ವಿನುತಳೇ ಅಳೆದದ್ದು. ಎಲೆಯ ಬಣ್ಣ ನೋಡಿದಳು. ಮತ್ತೆ ನೋಡಿದಳು. ನನ್ನ ನೆರಳು ಸರಿಯಾಗಿ ಬಿದ್ದಿಲ್ಲವೆಂದು ಇನ್ನೊಂದು ಕಡೆ ನಿಲ್ಲಿಸಿ ಮೂರನೆಯ ಸಲ ನೋಡಿದಳು.

"ಗೌಡ್ರೇ, ಬೇಜಾರು ಮಾಡ್ಕೋಬೇಡಿ. ಇದಕ್ಕೆ ಸ್ವಲ್ಪ ಏನಾದ್ರೂ ಹಾಕಿದ್ರಾ?"

"ಒಂದ್ ಕಾಳು ಯೂರಿಯಾ ಆಕಿದ್ರೆ ಈ ಕೈ ಬಿದ್ದೋಗ್ಲಿ," ಎಂದರು ನಿಂಗೇಗೌಡರು. ನೊಂದುಕೊಂಡ ದನಿ. ನನಗೆ ಅವರ ಮಾತು ನಿಜವೆನ್ನಿಸಿತು. ನಿಜವೇ ಆಗಿತ್ತು ಕೂಡ.

ವಿನುತ ಕುಕ್ಕರುಗಾಲಲ್ಲಿ ಕೂತು ಕಳೆ ತೆಗೆಯುವ ಕುರ್ಚಿಗೆಯಿಂದ ಗಿಡದ ಬುಡ ಕೆದಕಿದಳು. ಮಣ್ಣನ್ನು ಅಂಗೈಯಲ್ಲಿ ಉಜ್ಜಿದಳು. ಕೆಂಪು ಮಣ್ಣಿನ ನಡುವೆ ಕಪ್ಪನೆಯ ಗುಂಡು ಚೂರುಗಳು, ಅರ್ಧ ಕೊಳೆತದ್ದು. ಪಕ್ಕದ ಪಟ್ಟೆಗೆ ಹೋಗಿ ಕೆದಕಿದಳು. ಅಲ್ಲಿ ಇರಲಿಲ್ಲ.

"ಕುರಿ ಹಿಕ್ಕೆ," ಎಂದಳು.

ಆ ಹೊತ್ತಿಗೆ ನಿಂಗೇಗೌಡರ ಹೆಂಡತಿ ಜಯಮ್ಮ ತಂಬಿಗೆಯಲ್ಲಿ ಮಜ್ಜಿಗೆ ತಂದರು. ವಿನುತಳ ಅಂಗೈ ನೋಡಿದರು. ಬಚ್ಚಿಡುವ ಯೋಚನೆಯೇ ಅವರಿಗಿದ್ದಂತೆ ಕಾಣಲಿಲ್ಲ. "ಊಂ, ನಾನೇ ಮಂದೆ ನಿಲ್ಸಿದ್ದು," ಎಂದರು.

ನಡೆದದ್ದು ಇಷ್ಟು. ಏಪ್ರಿಲ್ಲಿನಲ್ಲಿ ವಿನುತ ಬಂದು ಗೂಟ ಹೊಡೆದು, ಹಗ್ಗ ಕಟ್ಟಿ, ಯಾವ ಪಟ್ಟೆಗೆ ಏನು ಎಂದು ಹೇಳಿ ಹೋಗಿದ್ದಳು. ಬಿತ್ತಲು ಮಳೆ ಬರಬೇಕಿತ್ತು. ಕಾಯುತ್ತಿರುವಾಗ ಬೆಳ್ಳೂರು ಕಡೆಯ ಕುರಿಗಾಹಿ ಕರಿಯಣ್ಣ ಮಂದೆ ಹೊಡೆದುಕೊಂಡು ಬಂದ. ಬೇಸಿಗೆಯಲ್ಲಿ ಮಂದೆಯನ್ನು ರಾತ್ರಿ ಹೊಲದಲ್ಲಿ ತಂಗಿಸಿದರೆ ಹಿಕ್ಕೆಯಿಂದ, ಉಚ್ಚೆಯಿಂದ ನೆಲ ಹದವಾಗುತ್ತದೆ. ಕುರಿಗಾಹಿಗೆ ಊಟ, ಒಂದಿಷ್ಟು ರಾಗಿ ಕೊಡುತ್ತಾರೆ. ಜಯಮ್ಮ ಮಂದೆಯನ್ನು ಆ ನಾಲ್ಕನೆಯ ಪಟ್ಟೆಯ ಗೂಟಗಳ ಒಳಗೆ ಮಾತ್ರ ನಿಲ್ಲಿಸಿದ್ದರು. ವಾಡಿಕೆಯ ಮಂದೆಯಾದ್ದರಿಂದ ನಿಂಗೇಗೌಡರು ಅದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ.

"ಅದಕ್ಕೇನೂ ಬೇಡ ಅಂತ ಹೇಳಿದ್ನಲ್ಲಮ್ಮ," ಎಂದಳು ವಿನುತ. ದನಿ ಏರಿಸಲಿಲ್ಲ.

"ನೀನ್ ಏಳಿದ್ದೆ, ಗ್ಯಾನ ಅದೆ. ಅದಕ್ಕೇ ನಿಲ್ಸಿದ್ದು." ಜಯಮ್ಮ ಬದುವಿನ ಮೇಲೆ ಕೂತರು. "ಅಲ್ಲ ಕಣ್ ಮಗ, ನೀನೇ ಯೋಚ್ನೆ ಮಾಡು. ನಾಕ್ ಜನ ಒಂದೇ ಸಾಲ್ನಾಗೆ ಊಟುಕ್ ಕುಂತವ್ರೆ. ಮೂರ್ ಜನುಕ್ ಬಡಿಸ್ಕಂಡ್ ಬಂದು, ನಾಕ್ನೇಯವನ್ ಮುಂದೆ ಪಾತ್ರೆ ಎತ್ಕಂಡ್ ಓಗ್ಬುಟ್ರೆ ಅದು ಪಂಕ್ತಿಭೇದ ಅಲ್ವಾ? ಕುಂತೋನು ಬಾಯ್ಬುಟ್ಟು ಏನೂ ಅನ್ನಾಕಿಲ್ಲ. ಬಡ್ಸೋಳ್ಗೆ ಗೊತ್ತಾಯ್ತದೆ."

"ಆ ನಾಲ್ಕನೆಯವನು ಹಸಿದಿದ್ರೇ, ಉಳಿದೋರಿಗೆ ನಿಜವಾಗಿ ಎಷ್ಟು ದಕ್ಕಿತು ಅಂತ ತಿಳಿಯೋದಮ್ಮ."

"ತಿಳ್ಕಳಾಕೆ ಒಬ್ಬುನ್ನ ಉಪಾಸ ಕೆಡವದಾ?"

"ಅದು ಗಿಡ ಅಮ್ಮ."

"ಗಿಡನೇ. ಬಿತ್ತಿದ್ದ್ಯಾರು?"

ನಿಂಗೇಗೌಡರು ಹೆಂಡತಿಗೆ, "ಲೇ, ಆ ಮಗ ವರ್ಸುದ್ ಕೆಲ್ಸ ಮಾಡ್ಕಂಡ್ ಬಂದದೆ, ನೀನು ಬೀಗರೂಟ ಮಾಡ್ಬುಟ್ಟಲ್ಲ" ಎಂದು ಗದರಿದರು. ಜಯಮ್ಮನ ಮುಖ ಆಗ ಸಣ್ಣದಾಯಿತು. "ನಿನ್ಗೆ ತೊಂದ್ರೆ ಆಯ್ತಾ ಮಗ?" ಎಂದು ಮೆಲ್ಲಗೆ ಕೇಳಿದರು. ಆಯಿತು ಎಂದಳು ವಿನುತ. ಸುಳ್ಳು ಹೇಳಿ ಸಮಾಧಾನ ಮಾಡುವುದು ಅವಳಿಗೆ ಬರುವುದಿಲ್ಲ.

ನಾನು ಯಾರ ಪರ ಎಂದು ನನ್ನನ್ನೇ ಕೇಳಿಕೊಂಡೆ. ತಿಳಿಯಬೇಕಾದರೆ ಪಕ್ಕಪಕ್ಕದಲ್ಲಿಟ್ಟು ಹೋಲಿಸಬೇಕು. ಬೇರೆ ಹೊಲದ, ಬೇರೆ ಮಣ್ಣಿನ ಹಸಿವು ಈ ಹೊಲದ ಲೆಕ್ಕಕ್ಕೆ ಬರುವುದಿಲ್ಲ. ಜಯಮ್ಮನಿಗೆ ಸಹಿಸಲಾಗದೆ ಹೋದದ್ದು ಆ ಪಕ್ಕಪಕ್ಕವನ್ನೇ. ಗಿಡ ಬಡವಾದರೆ ಅವರಿಗೆ ಹೊಸದಲ್ಲ. ಮಳೆ ತಪ್ಪಿದ ವರ್ಷ ಇಡೀ ಹೊಲ ಬಡವಾಗುತ್ತದೆ. ಮೂವರು ಉಣ್ಣುವಾಗ ಒಬ್ಬ ಬರಿದೆ ಎಲೆಯ ಮುಂದೆ ಕೂತಿರುವುದು ಬೇರೆ. ಇಬ್ಬರೂ ಹೇಳುವುದು ಸರಿಯಾಗಿದ್ದರೂ ಎರಡೂ ಒಂದೇ ಹೊಲದಲ್ಲಿ ನಡೆಯಲಾರದು ಎನ್ನುವಲ್ಲಿಗೆ ನನ್ನ ಯೋಚನೆ ನಿಂತುಬಿಟ್ಟಿತು.

ಆದರೆ ವಿನುತ ಅಷ್ಟಕ್ಕೆ ಬಿಡಲಿಲ್ಲ. ಎಷ್ಟು ಕುರಿ, ಎಷ್ಟು ರಾತ್ರಿ ಎಂದು ಖಚಿತವಾಗಿ ತಿಳಿದರೆ ಮಂದೆ ಕೊಟ್ಟ ಸಾರಜನಕವನ್ನು ಅಂದಾಜು ಮಾಡಬಹುದು, ಅದನ್ನು ಕಳೆದು ಹೊಲವನ್ನು ಉಳಿಸಿಕೊಳ್ಳಬಹುದು ಎಂದಳು. ಜಯಮ್ಮ ಮೂರು ರಾತ್ರಿ ಎಂದರು. ನಿಂಗೇಗೌಡರು ಎರಡೇ ಎಂದರು. "ಎರಡ್ನೇ ರಾತ್ರಿ ಉಪ್ಸಾರು, ಮೂರ್ನೇ ರಾತ್ರಿ ಹುರುಳಿಕಟ್ಟು, ನಾನ್ ಬೇಯ್ಸಿದ್ದು ನನ್ಗೆ ಗೊತ್ತಿಲ್ವಾ?" ಎಂದರು ಜಯಮ್ಮ. "ಹುರುಳಿಕಟ್ಟು ಓದ್ ವರ್ಸ ಕಣಮ್ಮೀ," ಎಂದರು ಅವರು. ಕುರಿ ಎಷ್ಟೆಂದು ಇಬ್ಬರೂ ಎಣಿಸಿರಲಿಲ್ಲ. ಕರಿಯಣ್ಣನನ್ನೇ ಕೇಳುವುದೆಂದಾಯಿತು. ಅವನು ಈಗ ಬೆಳ್ಳೂರು ಕ್ರಾಸಿನ ಆಚೆ ಇದ್ದಾನೆಂದು ಫೋನಿನಲ್ಲಿ ತಿಳಿಯಿತು.

ಆ ರಾತ್ರಿ ಅವರ ಮನೆಯಲ್ಲೇ ಉಳಿದೆವು. ಮುದ್ದೆ, ಅವರೆಕಾಳಿನ ಸಾರು. ಬೆಳಿಗ್ಗೆ ಹೊರಡುವಾಗ ವಿನುತ ಇನ್ನೊಂದು ಮಾತು ಕೇಳಿದಳು. ಲೆಕ್ಕ ಕೂಡದೆ ಹೋದರೆ ಮುಂದಿನ ತಿಂಗಳು ಹುಚ್ಚೆಳ್ಳು ಬಿತ್ತಬೇಕಾಗುತ್ತದೆ, ಅದೂ ಎಣ್ಣೆಕಾಳೇ. ಮಂದೆ ನಿಲ್ಲದ ಬೇರೆ ತುಂಡು ನೆಲ ಕೊಡುತ್ತಾರೆಯೇ? ಅದೇ ನಾಲ್ಕು ಪಟ್ಟೆ, ಅದರಲ್ಲಿ ಒಂದು ಬರಿದು.

ಜಯಮ್ಮ ಒಲೆಯ ಬೂದಿ ಎಳೆದು, ಕೈ ತೊಳೆದು ಬಂದರು.

"ನೆಲ ಬೇಕಾದ್ರೆ ತಕಾ ಮಗ. ನಾಕುಕ್ಕೂ ಆಕು, ಇಲ್ಲಾ ನಾಕುಕ್ಕೂ ಬ್ಯಾಡ. ಪಕ್ಕದಾಗೆ ಕೂರ್ಸಿ ಒಬ್ಬುನ್ಗೆ ಇಲ್ಲ ಅನ್ನಾಕೆ ನನ್ ಕೈಲಾಗಕಿಲ್ಲ. ಈಗ ಊಂ ಅಂದ್ಬುಟ್ಟು ಆಮೇಲೆ ಕದ್ದು ಆಕದು ಸರಿ ಅಲ್ಲ. ಅದುಕ್ಕೇ ಈಗ್ಲೇ ಏಳ್ತಾ ಇವ್ನಿ."

ವಿನುತ ತಲೆಯಾಡಿಸಿದಳು. ಜಯಮ್ಮನೇ ಮುಂದುವರಿಸಿದರು: "ಪಕ್ಕದೂರ್ನಾಗೆ ಬೋರೇಗೌಡ ಅವ್ನೆ, ಅವನ್ನ ಕೇಳು. ಅವ್ನು ಮದ್ವೆ ಮನೇಲಿ ಬಡ್ಸಾಕ್ ನಿಂತ್ರೆ ಪಾಯ್ಸ ಕೊನೇ ಸಾಲ್ನ ಮೊಖಾನೇ ನೋಡಾಕಿಲ್ಲ. ನಿನ್ ಕೆಲ್ಸುಕ್ಕೆ ಅಂತೋನೇ ಸರಿ."

ನಾವೆಲ್ಲ ನಕ್ಕೆವು. ನಿಂಗೇಗೌಡರು ಆಗಲೇ ಬೋರೇಗೌಡರ ನಂಬರು ಹುಡುಕುತ್ತಿದ್ದರು.

ಬೆಳ್ಳೂರು ಕ್ರಾಸಿನಲ್ಲಿ ಹಾಸನದ ಕಡೆಯ ಲಾರಿಗಳು, ಬೆಂಗಳೂರಿನ ಬಸ್ಸುಗಳು, ಹೋಟೆಲುಗಳ ಮುಂದೆ ಕಾರುಗಳ ಸಾಲು. ಅಲ್ಲಿಂದ ಆಟೋದಲ್ಲಿ ಒಳಕ್ಕೆ ಹೋಗಿ, ಒಂದು ಕೆರೆಯ ಹಿಂದಿನ ಬಯಲಿನಲ್ಲಿ ಕರಿಯಣ್ಣನನ್ನು ಕಂಡೆವು. ಐವತ್ತರ ಆಸುಪಾಸಿನವನು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಫೋನು. ನಮ್ಮನ್ನು ಕಂಬಳಿ ಹಾಸಿ ಕೂರಿಸಿದ.

"ನಿಂಗೇಗೌಡ್ರ ಒಲ ಅಲ್ವಾ? ಗೊತ್ತು ಗೊತ್ತು. ಜಯಮ್ಮಾರು ಉಪ್ಸಾರು ಚೆನ್ನಾಗ್ ಮಾಡ್ತಾರೆ."

"ಆಗ ಮಂದೇಲಿ ಎಷ್ಟು ಕುರಿ ಇದ್ದವು ಕರಿಯಣ್ಣ?"

"ಆಗಾ? ಇವುಕ್ಕಿಂತ ಜಾಸ್ತಿ. ಅಲ್ಲ, ಕಮ್ಮಿ. ಕೆಲವ್ನ ಮಾರ್ದೊ, ಕೆಲವು ಈದ್ವು. ಚಿಕ್ಕಪ್ಪುನ್ ಮಗನ್ ಮಂದೆನೂ ಕೂಡ್ಕಂಡಿತ್ತೋ ಏನೋ."

"ಎಷ್ಟು ರಾತ್ರಿ ನಿಂತಿದ್ದವು?"

"ಅವ್ರೇನಂದ್ರು?"

"ಜಯಮ್ಮ ಮೂರು ಅಂತಾರೆ. ಗೌಡ್ರು ಎರಡು ಅಂತಾರೆ."

"ಅಂಗಾರೆ ಅದೇಯ," ಎಂದ ಕರಿಯಣ್ಣ. ಯಾವುದು ಎಂದು ಹೇಳಲಿಲ್ಲ. ಆ ಬೇಸಿಗೆಯಲ್ಲಿ ಅವನ ಮಂದೆ ಎಷ್ಟೋ ಹೊಲಗಳಲ್ಲಿ ತಂಗಿತ್ತು. ಅವನಿಗೆ ನೆನಪಿದ್ದದ್ದು ಊಟ, ನಾಯಿ ಕಚ್ಚಿದ ಒಂದು ಮರಿ, ಒಂದು ರಾತ್ರಿ ಬಂದ ಗುಡುಗು. ಆ ಗುಡುಗು ಈ ಹೊಲದಲ್ಲೋ ಇನ್ನೊಂದರಲ್ಲೋ ಎನ್ನುವುದೂ ಖಚಿತವಿರಲಿಲ್ಲ. ವಿನುತ ಪೆನ್ನು ಮುಚ್ಚಿಟ್ಟದ್ದು ನೋಡಿ ಅವನಿಗೆ ಕನಿಕರ ಬಂತು.

"ನಿಮ್ಗೆ ಎಷ್ಟು ಬೇಕು ಏಳಿ ತಾಯಿ," ಎಂದ. "ಯಾರ್ ಬಂದ್ ಕೇಳಿದ್ರೂ ಅಷ್ಟೇ ಅಂತೀನಿ. ಪಾಪ, ಇಷ್ಟ್ ದೂರದಿಂದ ಬಂದಿದ್ದೀರಿ."

ನಾನು ವಿನುತಳ ಕಡೆ ನೋಡಿದೆ. ಒಂದು ಸಂಖ್ಯೆ ಸಾಕಿತ್ತು. ಮೂರು ಎಂದರೆ ಲೆಕ್ಕ ಎಷ್ಟಕ್ಕೆ ಕೂಡುತ್ತದೆ, ಎರಡು ಎಂದರೆ ಎಷ್ಟಕ್ಕೆ ಎನ್ನುವುದನ್ನು ಅವಳು ಬಸ್ಸಿನಲ್ಲೇ ಹಾಕಿ ನೋಡಿದ್ದಳೆಂದು ನನಗೆ ಗೊತ್ತಿತ್ತು. ಅವಳು ಮೂರು ದಿನದಲ್ಲಿ ಮೊದಲ ಸಲ ಮನಸ್ಸು ಬಿಚ್ಚಿ ನಕ್ಕಳು.

"ನನಗೆ ಎಷ್ಟು ಬೇಕು ಅಂತ ನನಗೆ ಚೆನ್ನಾಗಿ ಗೊತ್ತು ಕರಿಯಣ್ಣ. ಅದಕ್ಕೇ ನಾನು ಹೇಳಬಾರದು."

ಕ್ರಾಸಿಗೆ ಮರಳಿ ಹೋಟೆಲಿನಲ್ಲಿ ಕಾಫಿ ತೆಗೆದುಕೊಂಡೆವು. ಅವಳು ಹೊರಗೆ ನಿಂತು ಮಾರ್ಗದರ್ಶಕರಿಗೆ ಫೋನು ಮಾಡಿದಳು. ನನಗೆ ಕೇಳಿಸಿದ್ದು ಈ ಕಡೆಯ ಮಾತು ಮಾತ್ರ. "ಇಲ್ಲ ಸರ್, ಅದು ಬರಿದು ಪಟ್ಟೆ ಅಲ್ಲವೇ ಅಲ್ಲ. ಮಂದೆ ನಿಂತಿತ್ತು... ಅಡಿಟಿಪ್ಪಣಿ ಹಾಕಿದ್ರೂ ಆಗಲ್ಲ ಸರ್, ಎಷ್ಟು ಅಂತಲೇ ಗೊತ್ತಿಲ್ಲ... ಗೊತ್ತು ಸರ್, ಮೂರೇ ಉಳಿಯುತ್ತೆ... ಹುಚ್ಚೆಳ್ಳು ಬಿತ್ತೀನಿ, ಹೊಲ ಕೇಳಿದ್ದೀನಿ... ಫೆಲೋಶಿಪ್ಪು ಮುಗಿದ್ರೆ ಮುಗೀಲಿ ಸರ್, ನೋಡೋಣ." ಬಹಳ ಹೊತ್ತು ಆ ಕಡೆಯವರು ಮಾತಾಡಿದರು. ಅವಳು ಲಾರಿಗಳನ್ನು ನೋಡುತ್ತ ಕೇಳಿಸಿಕೊಂಡಳು.

ಆಮೇಲೆ ಜಯಮ್ಮನಿಗೆ ಮಾಡಿದಳು. ಲಾರಿಗಳ ಸದ್ದಿಗೆ ಸ್ಪೀಕರು ಹಾಕಿದ್ದರಿಂದ ನನಗೂ ಕೇಳಿಸಿತು.

"ನಮ್ಮೊಲಾನ ಬುಟ್ಬುಟ್ಟಾ ಮಗ?"

"ಬಿಟ್ಟೆ ಅಮ್ಮ."

ಜಯಮ್ಮ ಕೇಳಿದರು: "ಒಂದೊಂದ್ ಪಟ್ಟೆ ಬ್ಯಾರೆ ಬ್ಯಾರೆ ಕುಯ್ದು, ಬ್ಯಾರೆ ಬ್ಯಾರೆ ಬಡೀಬೇಕು ಅಂದಿದ್ದಲ್ಲ. ಈಗ ನಾಕ್ನೂ ಒಟ್ಗೇ ಕುಯ್ದು ಒಣಗಾಕೆ ಒಂದೇ ಗೂಡು ಆಕ್ಬೌದಾ?"

"ಹಾಕಿ ಅಮ್ಮ. ಇನ್ನೇನೂ ತೊಂದರೆ ಇಲ್ಲ."

"ಒಳ್ಳೇದಾಯ್ತು," ಎಂದರು ಜಯಮ್ಮ. ಹಾಗೆಂದ ಕೂಡಲೇ, ಇವಳಿಗೆ ಒಳ್ಳೆಯದಾಗಲಿಲ್ಲ ಎನ್ನುವುದು ಹೊಳೆದಿರಬೇಕು, ಫೋನು ಇಡದೆ ಹಾಗೇ ಹಿಡಿದುಕೊಂಡಿದ್ದರು. ವಿನುತಳೂ ಇಡಲಿಲ್ಲ. ಕೊನೆಗೆ ಬಸ್ಸು ಬಂತು.

ಮೈಸೂರಿನ ಬಸ್ಸು ಅದೇ ರಸ್ತೆಯಲ್ಲಿ ಹೋಗುತ್ತದೆ. ನಿಂಗೇಗೌಡರ ಹೊಲ ಹತ್ತಿರ ಬಂದಾಗ ಇಬ್ಬರೂ ಕಿಟಕಿಗೆ ಬಾಗಿದೆವು. ಗಾಳಿಗೆ ಎಳ್ಳು ಒಂದೇ ಕಡೆ ಬಾಗಿ ಏಳುತ್ತಿತ್ತು. ನಡುವೆ ಯಾರೋ ಬಗ್ಗಿ ಗೂಟ ಕೀಳುತ್ತ, ಹಗ್ಗವನ್ನು ಮೊಣಕೈಗೆ ಸುತ್ತಿಕೊಳ್ಳುತ್ತಿದ್ದರು. ಜಯಮ್ಮ ಎಂದು ನಾನು ಅವತ್ತು ಸಂಜೆ ಬರೆದುಕೊಂಡಿದ್ದೇನೆ. ಬಸ್ಸಿನ ಓಟದಲ್ಲಿ ಮುಖ ಕಾಣಿಸಿರಲಿಲ್ಲ.

"ಗೂಟ ಬಿಸಾಕಬೇಡಿ ಅಂತ ಹೇಳಬೇಕಿತ್ತು," ಎಂದು ವಿನುತ ಮತ್ತೆ ಫೋನು ತೆಗೆದಳು. "ಮುಂದಿನ ತಿಂಗಳು ಬೇಕು."